ಅಪ್‌ಡೇಟ್: ಹಾಸನದಿಂದ ಕೊಚ್ಚಿಗೆ, ಅಲ್ಲಿಂದ ಲಕ್ಷದ್ವೀಪಕ್ಕೆ ರಾತ್ರಿ ಹಡಗು

ಹೋದ ತಿಂಗಳು ಕೇಳಿದ್ದೆ: ವಯಸ್ಸಾದ ಅಮ್ಮನನ್ನು ಕರೆದುಕೊಂಡು ಕೊಚ್ಚಿಯಿಂದ ಲಕ್ಷದ್ವೀಪಕ್ಕೆ ಹಡಗಿನಲ್ಲಿ ಹೋಗಬಹುದಾ, ಬಂಕ್ (ಎಲ್ಲರ ಜೊತೆ ಒಂದೇ ಹಾಲಿನಲ್ಲಿ ಮಲಗುವ ಜಾಗ) ಸಾಕಾ, ಕ್ಯಾಬಿನ್ ಬೇಕಾ ಅಂತ. ಉತ್ತರ ಕೊಟ್ಟ ಎಲ್ಲರಿಗೂ ಧನ್ಯವಾದ. ಹೋಗಿ ಬಂದೆವು. ಮುಂದೆ ಹೋಗುವವರಿಗಾಗಿ ಬರೆಯುತ್ತಿದ್ದೇನೆ.

ಮೊದಲು ಲಕ್ಷದ್ವೀಪಕ್ಕೆ ಕಾಲಿಡಲು ಬೇಕಾದ ಪರ್ಮಿಟ್, ಆಮೇಲೆ ಟಿಕೆಟ್. ಪರ್ಮಿಟ್ಟಿನ ಪ್ರಿಂಟ್ ಕೈಯಲ್ಲಿರಲಿ, ನಡುಸಮುದ್ರದಲ್ಲಿ ಮೊಬೈಲ್ ಸಿಗ್ನಲ್ ಇರುವುದಿಲ್ಲ. ಹಾಸನದಿಂದ ಮಂಗಳೂರು, ಅಲ್ಲಿಂದ ರೈಲಿನಲ್ಲಿ ಎರ್ನಾಕುಲಂ, ಅಂದರೆ ಕೊಚ್ಚಿ. ಹವಾಮಾನ ಕೆಟ್ಟರೆ ಹಡಗಿನ ದಿನವೇ ಬದಲಾಗುತ್ತದೆ, ಹಾಗಾಗಿ ಎರಡೂ ಕಡೆ ಒಂದೊಂದು ದಿನ ಕೈಯಲ್ಲಿಟ್ಟುಕೊಳ್ಳಿ. ಮಳೆಗಾಲದಲ್ಲಿ ಈ ಯೋಚನೆಯೇ ಬೇಡ.

ವಯಸ್ಸಾದವರಿದ್ದರೆ ಕ್ಯಾಬಿನ್ನೇ ಸರಿ, ಅದೂ ಹಡಗಿನ ಮಧ್ಯಭಾಗದ ಕೆಳ ಅಂತಸ್ತಿನಲ್ಲಿ. ಶಿರಾಡಿ ಘಾಟಿಯಲ್ಲಿ ಬಸ್ಸಿನ ಹಿಂದಿನ ಸೀಟು ಎತ್ತಿಹಾಕುವ ಹಾಗೆ ಹಡಗಿನ ಎರಡು ತುದಿಗಳೂ ಎತ್ತಿಹಾಕುತ್ತವೆ, ನಡುವೆ ಕುಲುಕಾಟ ಕಡಿಮೆ. ವಾಂತಿ ಮಾತ್ರೆಯನ್ನು ಡಾಕ್ಟರನ್ನು ಕೇಳಿ, ಹಡಗು ಹೊರಡುವ ಸುಮಾರು ಒಂದು ಗಂಟೆ ಮೊದಲೇ ಕೊಡಿ. ವಾಂತಿ ಶುರುವಾದ ಮೇಲೆ ಮಾತ್ರೆ ಹೊಟ್ಟೆಯಲ್ಲಿ ನಿಲ್ಲುವುದಿಲ್ಲ. ಏಸಿ ಚಳಿಗೆ ಒಂದು ಶಾಲು ಬೇಕೇ ಬೇಕು.

ನಿಜವಾದ ಕಷ್ಟ ಇಳಿಯುವಾಗ. ಹಲವು ದ್ವೀಪಗಳ ಸುತ್ತ ಹವಳದ ದಿಬ್ಬ, ಒಳಗೆ ನೀರಿನ ಆಳ ಸಾಲದು. ಹಡಗು ಹೊರಗೇ ನಿಲ್ಲುತ್ತದೆ, ಪಕ್ಕದ ಬಾಗಿಲಿನಿಂದ ಸಣ್ಣ ದೋಣಿಗೆ ದಾಟಬೇಕು. ಅಲೆಗೆ ದೋಣಿ ಮೇಲೆದ್ದು ಬಾಗಿಲಿನ ಮಟ್ಟಕ್ಕೆ ಬಂದು ಅರೆಕ್ಷಣ ನಿಲ್ಲುತ್ತದೆ. ಸಿಬ್ಬಂದಿ ಹೇಳಿದ ತಕ್ಷಣ, ಆಗಲೇ ಕಾಲಿಡಬೇಕು. ತಡಮಾಡಿದರೆ ದೋಣಿ ಕೆಳಗಿಳಿದಿರುತ್ತದೆ. ಸೀರೆಗಿಂತ ಚೂಡಿದಾರ್ ಮೇಲು. ಬ್ಯಾಗನ್ನು ಮೊದಲೇ ಸಿಬ್ಬಂದಿಗೆ ಕೊಟ್ಟು ಎರಡೂ ಕೈ ಖಾಲಿ ಇಟ್ಟುಕೊಳ್ಳಿ. ಮಂಡಿನೋವು ಜಾಸ್ತಿ ಇರುವವರಿಗೆ ವಿಮಾನ ನಿಲ್ದಾಣವಿರುವ ಅಗತ್ತಿ ದ್ವೀಪಕ್ಕೆ ವಿಮಾನವೇ ಒಳ್ಳೆಯದು.