ಕೋಲು ಬೀಸುವ ‘ಕಂಡಕ್ಟರ್’ಗೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ. ಬಳ್ಳಾರಿಯಿಂದ ಬರೆಯುತ್ತಿದ್ದೇನೆ. ಒಂದು ಪದದ ಹಿಂದೆ ಬಿದ್ದು ಎರಡು ವಾರವಾಯಿತು.

ಊರಿನ ಪುಟ್ಟ ಪತ್ರಿಕೆಯೊಂದಕ್ಕೆ ಯೋವಾನಾ ಮಾಲ್ವಿಟ್ಸ್ ಬಗ್ಗೆ ಬರೆಯಲು ಕೂತಿದ್ದೆ. ಪಾಶ್ಚಾತ್ಯ ವಾದ್ಯಮೇಳಗಳನ್ನೂ ಒಪೆರಾವನ್ನೂ (ಹಾಡಿನಲ್ಲೇ ನಡೆಯುವ ನಾಟಕ) ಮುಂದೆ ನಿಂತು ಕೋಲು ಬೀಸಿ ನಡೆಸುವವರು ಆಕೆ. 1986ರಲ್ಲಿ ಜರ್ಮನಿಯ ಹಿಲ್ಡೆಸ್‌ಹೈಮ್‌ನಲ್ಲಿ ಹುಟ್ಟಿದವರು. 2014ರಲ್ಲಿ ಎರ್‌ಫುರ್ಟ್ ರಂಗಮಂದಿರ, 2018ರಲ್ಲಿ ನ್ಯೂರೆಂಬರ್ಗ್, 2023ರಲ್ಲಿ ಬರ್ಲಿನ್ನಿನ ಕೊನ್‌ಚೆರ್ಟ್‌ಹೌಸ್ ವಾದ್ಯಮೇಳ, ಹೀಗೆ ಸರಸರ ಮೇಲೇರಿದವರು. ಬರೆದದ್ದನ್ನು ನಮ್ಮ ಮಾಮನಿಗೆ ಓದಿ ಹೇಳಿದೆ. ‘ಒಪೆರಾ ಕಂಡಕ್ಟರ್ ಆದರು’ ಅಂತ ಬಂದ ಕೂಡಲೇ ಮಾಮ ಕೇಳಿದ್ದು: ‘ಯಾವ ಡಿಪೋದಾಗ ಅದಾಳಪ್ಪಾ ಈಕಿ?’

ನಗು ಬಂತು, ಆದರೆ ತಪ್ಪು ನನ್ನದೇ. ನಮ್ಮಲ್ಲಿ ಕಂಡಕ್ಟರ್ ಅಂದರೆ ಚಿಲ್ಲರೆ ಕೊಡದವನು, ಅಷ್ಟೇ. ‘ನಿರ್ವಾಹಕ’ ಅಂದರೂ ಬಸ್ಸೇ. ‘ವಾಹಕ’ ಅಂದರೆ ಕರೆಂಟು ಹರಿಯುವ ತಂತಿ. ‘ಸಂಚಾಲಕ’ ಅಂದರೆ ಯಾವುದೋ ಹೋರಾಟ ಸಮಿತಿಯವರು. ‘ಸಂಗೀತ ನಿರ್ದೇಶಕ’ ಇನ್ನೂ ಮೋಸದ ಪದ. ವಾದ್ಯಮೇಳಗಳಲ್ಲಿ ಆ ಹೆಸರಿನ ಹುದ್ದೆಯೇ ಇದೆ, ನಿಜ. ಆದರೆ ಓದುವವರು ಆಕೆ ಸಿನಿಮಾ ಹಾಡಿಗೆ ರಾಗ ಹಾಕುತ್ತಾರೆ ಅಂದುಕೊಳ್ಳುತ್ತಾರೆ. ‘ಆರ್ಕೆಸ್ಟ್ರಾ’ದ ಗತಿಯೂ ಇದೇ. ಗಣಪತಿ ಹಬ್ಬದ ರಸಮಂಜರಿಗೆ ನಾವು ಅದನ್ನು ಯಾವತ್ತೋ ಬಿಟ್ಟುಕೊಟ್ಟಾಗಿದೆ. ‘ವಾದ್ಯವೃಂದ ನಿರ್ದೇಶಕಿ’ ಅನ್ನಬಹುದು. ತಪ್ಪಿಲ್ಲ. ಆದರೆ ಬಾಯಲ್ಲಿ ಆಡುವ ಮಾತಲ್ಲ, ಬರೀ ಅಚ್ಚಿನ ಮಾತು.

ಆಮೇಲೆ ಮಾಮನಿಗೆ ಆ ಕೆಲಸ ಏನು ಅಂತ ಬಿಡಿಸಿ ಹೇಳಿದೆ. ಆಕೆ ತಾನು ಏನೂ ನುಡಿಸುವುದಿಲ್ಲ. ಎಂಬತ್ತು, ತೊಂಬತ್ತು ಜನ ನುಡಿಸುತ್ತಾರೆ, ಮೇಲೆ ರಂಗದಲ್ಲಿ ಬೇರೆಯವರು ಹಾಡುತ್ತಾರೆ, ಆಕೆ ನಡುವೆ ನಿಂತು ಲಯ ಕೊಡುತ್ತಾಳೆ. ಯಾರು ಯಾವಾಗ ಎತ್ತಿಕೊಳ್ಳಬೇಕು, ಎಲ್ಲಿ ತಗ್ಗಬೇಕು ಅನ್ನುವುದೆಲ್ಲ ಆಕೆಯ ಕೈಯಲ್ಲಿ. ಪ್ರದರ್ಶನಕ್ಕೆ ಮುಂಚೆ ವಾರಗಟ್ಟಲೆ ಕೂತು ಕಲಿಸುವುದೂ ಅದರಲ್ಲಿ ಸೇರಿದೆ. ಮಾಮ ವಯಸ್ಸಿನಲ್ಲಿ ಹಳ್ಳಿ ನಾಟಕಗಳಲ್ಲಿ ಬಣ್ಣ ಹಚ್ಚಿದವನು. ಕೇಳಿ, ‘ಅಂದ್ರ ಪೇಟಿ ಮಾಸ್ತರು ಅನ್ನು. ಅದಕ್ಯಾಕ ಇಷ್ಟು ಸುತ್ತಾಡ್ತಿ?’ ಅಂದ.

ನನಗೆ ಅಲ್ಲೇ ತಲೆಯಲ್ಲಿ ಮಿಂಚಿತು. ಇಟಾಲಿಯನ್ನಿನಲ್ಲಿ ಈ ಕೆಲಸದವರನ್ನು ಗೌರವದಿಂದ ಕರೆಯುವುದು ‘ಮಾಯೆಸ್ತ್ರೋ’ ಅಂತ. ಜರ್ಮನ್ನಿನ ಹಳೆಯ ಪದ ‘ಕಪೆಲ್‌ಮೈಸ್ಟರ್’. ಮಾಯೆಸ್ತ್ರೋ, ಮೈಸ್ಟರ್, ಇಂಗ್ಲಿಷಿನ ಮಾಸ್ಟರ್, ಎಲ್ಲ ಲ್ಯಾಟಿನ್ನಿನ ‘ಮಗಿಸ್ಟರ್’ನ ಮಕ್ಕಳು. ನಮ್ಮ ಮಾಸ್ತರು ಮಾಸ್ಟರ್‌ನಿಂದ ಬಂದದ್ದು. ಕಟ್ಟಡದ ‘ಮೇಸ್ತ್ರಿ’ ಪೋರ್ಚುಗೀಸಿನ ‘ಮೆಸ್ತ್ರೆ’ಯಿಂದ ಬಂದದ್ದು. ಅದೂ ಅದೇ ಮನೆಯ ಕೂಸು. ಮೇಸ್ತ್ರಿಯೂ ತಾನು ಇಟ್ಟಿಗೆ ಮುಟ್ಟದೆ ಹತ್ತಾರು ಗೌಂಡಿಗಳಿಂದ ಗೋಡೆ ಎಬ್ಬಿಸುತ್ತಾನೆ, ಅಲ್ವಾ?

ಪೇಟಿ ಅಂದರೆ ನಮ್ಮ ಕಡೆ ಹಾರ್ಮೋನಿಯಂ. ಬೆಂಗಳೂರು, ಮೈಸೂರಿನವರಿಗೆ ಹೇಳಬೇಕಾಗಬಹುದು. ನಾಟಕದ ಹ್ಯಾಂಡ್‌ಬಿಲ್ಲಿನಲ್ಲಿ ಪೇಟಿ ಮಾಸ್ತರ ಹೆಸರು ಬೇರೆಯಾಗಿಯೇ ಇರುತ್ತದೆ. ಹಾಡು ಕಲಿಸುವವರು, ತಾಲೀಮು ಮಾಡಿಸುವವರು ಅವರೇ. ಆಟದ ದಿನ ರಂಗದ ಬದಿಯಲ್ಲಿ ಕೂತು ಪಾತ್ರಧಾರಿಗೆ ಶ್ರುತಿ ಕೊಡುತ್ತಾರೆ, ಕತ್ತು ಹೊರಳಿಸಿ ತಬಲಾದವನಿಗೆ ಸನ್ನೆ ಮಾಡುತ್ತಾರೆ. ಮಾತು ಮರೆತ ದುರ್ಯೋಧನ ತಡವರಿಸಿದರೆ ಒಂದು ಸ್ವರ ಹಿಡಿದು ಕಾಯುತ್ತಾರೆ. ನಮ್ಮ ಮಾಮನಿಗಾಗಿ ಜಾಸ್ತಿ ಸಲ ಕಾದಿದ್ದಾರಂತೆ.

ಒಂದು ತಕರಾರಿದೆ. ಕಟ್ಟುನಿಟ್ಟಾಗಿ ನೋಡಿದರೆ ಪೇಟಿ ಮಾಸ್ತರು ಕಂಡಕ್ಟರ್‌ಗಿಂತ ಅದರ ಕೆಳಗಿನ ಮೆಟ್ಟಿಲಿಗೆ ಸರಿ ಹೊಂದುತ್ತದೆ. ಒಪೆರಾ ಮನೆಗಳಲ್ಲಿ ‘ರೆಪೆಟಿಟರ್’ ಅಂತ ಒಬ್ಬರಿರುತ್ತಾರೆ. ಇಡೀ ವಾದ್ಯಮೇಳದ ಬದಲು ಒಬ್ಬರೇ ಪಿಯಾನೊ ನುಡಿಸುತ್ತಾ ಹಾಡುಗಾರರಿಗೆ ಪಾಠ ಮಾಡಿಸುವವರು. ಎಷ್ಟೋ ದೊಡ್ಡ ಕಂಡಕ್ಟರ್‌ಗಳು ಹೊರಟದ್ದು ಅಲ್ಲಿಂದಲೇ. ಗಿಯೋರ್ಗ್ ಷೋಲ್ಟಿ ಬುಡಾಪೆಸ್ಟ್ ಒಪೆರಾದಲ್ಲಿ ವರ್ಷಗಟ್ಟಲೆ ಆ ಕೆಲಸ ಮಾಡಿ, 1938ರ ಮಾರ್ಚಿನಲ್ಲಿ ಮೊದಲ ಸಲ ಅಲ್ಲಿ ಕೋಲು ಹಿಡಿದರು. ಮಾಲ್ವಿಟ್ಸ್ ಕೂಡ ಹೈಡೆಲ್‌ಬರ್ಗ್‌ನಲ್ಲಿ ಇದೇ ಕೆಲಸದಿಂದ ಶುರು ಮಾಡಿದವರು. ಎಲ್ಲರದ್ದೂ ಇದೇ ದಾರಿ ಅಂತಲ್ಲ. ಇಟಲಿಯ ಹೆಸರಾಂತ ಕಂಡಕ್ಟರ್ ತೊಸ್ಕನೀನಿ 1886ರಲ್ಲಿ ರಿಯೊ ಡಿ ಜನೈರೊದಲ್ಲಿ ಚೆಲ್ಲೊ (ದೊಡ್ಡ ಪಿಟೀಲಿನಂಥ ವಾದ್ಯ) ನುಡಿಸಲು ಹೋದವರು. ಕಂಡಕ್ಟರ್ ವಿಷಯದಲ್ಲಿ ಗಲಾಟೆಯಾಗಿ ‘ಐದಾ’ ಒಪೆರಾಕ್ಕೆ ದಿಕ್ಕಿಲ್ಲದಾಗ, 19ರ ಆ ಹುಡುಗ ಪುಸ್ತಕ ನೋಡದೆ ಇಡೀ ಆಟ ನಡೆಸಿಬಿಟ್ಟ.

ಹಾಗಾಗಿ ನಾನು ಸದ್ಯಕ್ಕೆ ರೆಪೆಟಿಟರ್‌ಗೆ ‘ತಾಲೀಮು ಮಾಸ್ತರು’, ಕಂಡಕ್ಟರ್‌ಗೆ ‘ಮೇಳದ ಮಾಸ್ತರು’ ಅಂತ ಹಾಕಿಕೊಂಡಿದ್ದೇನೆ. ‘ಬ್ಯಾಂಡ್ ಮಾಸ್ಟರ್’ ಮೊದಲೇ ನಮ್ಮಲ್ಲಿದೆ, ಅದರ ಪಕ್ಕಕ್ಕೆ ಇದೂ ಕೂರುತ್ತದೆ ಅನ್ನಿಸಿತು. ‘ಭಾಗವತ’ ಯಾಕಾಗಬಾರದು ಅಂತ ಕೇಳುವವರಿರಬಹುದು. ಭಾಗವತರು ಆಟ ನಡೆಸುತ್ತಾರೆ, ಸರಿ. ಆದರೆ ಅವರೇ ಹಾಡುತ್ತಾರೆ. ಕಂಡಕ್ಟರ್ ಹಾಡಿದರೆ ಕೆಲಸ ಕೆಟ್ಟಿತು.

ಈಗ ಸಿಕ್ಕಿಕೊಂಡಿರುವುದು ಬೇರೆ ಕಡೆ. ಮಾಲ್ವಿಟ್ಸ್ ಹೆಂಗಸು. ಅವರನ್ನು ಮೇಳದ ಮಾಸ್ತರು ಅಂದರೆ ಓದುಗರು ಗಂಡಸು ಅಂದುಕೊಳ್ಳುತ್ತಾರೆ. ನಮ್ಮ ಕಡೆ ಮಾಸ್ತರಿಗೆ ಜೋಡಿ ಪದ ‘ಅಕ್ಕೋರು’. ‘ಮೇಳದ ಅಕ್ಕೋರು’ ಅಂದರೆ ನನಗೇನೋ ಬಲು ಇಷ್ಟವಾಯಿತು, ಸಂಪಾದಕರು ಒಪ್ಪಲಿಲ್ಲ, ಕನ್ನಡ ಶಾಲೆ ನೆನಪಾಗುತ್ತದಂತೆ. ಇಟಲಿಯಲ್ಲೂ ‘ಮಾಯೆಸ್ತ್ರಾ’ ಅಂದರೆ ಪ್ರಾಥಮಿಕ ಶಾಲೆಯ ಟೀಚರ್ರೇ ಅಂತ ಹೇಳಿ ನೋಡಿದೆ, ಕೇಳಲಿಲ್ಲ. ರಾಯಚೂರು, ಕೊಪ್ಪಳದ ಕಡೆ ನಾಟಕದಲ್ಲಿ ಪೇಟಿ ನುಡಿಸುವ ಹೆಂಗಸರನ್ನು ಏನಂತ ಕರೆಯುತ್ತಾರೆ? ಕೇಳಿದವರು ಯಾರಾದರೂ ಇದ್ದರೆ ತಿಳಿಸಿ. ಶುಕ್ರವಾರ ಪುಟ ಅಚ್ಚಿಗೆ ಹೋಗುತ್ತದೆ.