ಮಕ್ಕಳ ಪಕ್ಕ ಕೂತು ಕಾಂಟ್ರಾ ಆಡಿ ನೋಡಿ

ಮಕ್ಕಳಿಗೆ ಗೇಮ್ ಬಿಡಿಸೋದು ಹೇಗೆ, ಮನೆಯಲ್ಲಿ ಕನ್ನಡ ಮಾತಾಡಿಸೋದು ಹೇಗೆ ಅಂತ ಅಪ್ಪ ಅಮ್ಮಂದಿರ ನಡುವೆ ಆಗಾಗ ಚರ್ಚೆ ಆಗುತ್ತದೆ. ಎರಡಕ್ಕೂ ಸೇರಿಸಿ ನಾನು ಹೇಳುವುದು ಒಂದೇ: ನೀವೂ ಪಕ್ಕದಲ್ಲಿ ಕೂತು ಆಡಿ. ಅದೂ ನಾವು ಚಿಕ್ಕವರಿದ್ದಾಗಿನ ಹಳೇ ಆ್ಯಕ್ಷನ್ ಗೇಮ್‌ಗಳನ್ನು.

ಈಗಿನ ಆನ್‌ಲೈನ್ ಗೇಮ್‌ನಲ್ಲಿ ಮಗು ಹೆಡ್‌ಸೆಟ್ ಹಾಕಿಕೊಂಡು ಇನ್ಯಾರ ಜೊತೆಗೋ ಮಾತಾಡುತ್ತಿರುತ್ತದೆ. ಹಳೇ ಗೇಮ್‌ನಲ್ಲಿ ಒಂದೇ ಟಿವಿ, ಎರಡು ಕಂಟ್ರೋಲರ್. ಮಾತಾಡಬೇಕೆಂದರೆ ಪಕ್ಕದವರ ಜೊತೆಗೇ ಮಾತಾಡಬೇಕು.

ಇಬ್ಬರು ಸೈನಿಕರು ಓಡುತ್ತಾ, ಹಾರುತ್ತಾ ಶತ್ರುಗಳಿಗೆ ಗುಂಡು ಹೊಡೆಯುವ ಕಾಂಟ್ರಾವನ್ನೇ ತಗೊಳ್ಳಿ. ಜಪಾನಿನ ಗೇಮ್ ಕಂಪನಿ ಕೊನಾಮಿಯವರು 1987ರಲ್ಲಿ ಆರ್ಕೇಡ್‌ಗೆ, ಅಂದರೆ ಕಾಸು ಹಾಕಿ ಆಡುವ ಮೆಷಿನ್‌ಗೆ ತಂದರು, 1988ರಲ್ಲಿ ಮನೆಯ ಟಿವಿಗೆ ಜೋಡಿಸುವ ನಿಂಟೆಂಡೊಗೆ ಬಂತು. ಮೂರನೇ ಹಂತದಲ್ಲಿ ಜಲಪಾತ ಹತ್ತಬೇಕು. ಒಬ್ಬರು ಅವಸರವಾಗಿ ಮೇಲೆ ಹೋದರೆ ಸ್ಕ್ರೀನೂ ಮೇಲಕ್ಕೆ ಸರಿಯುತ್ತದೆ, ಕೆಳಗೆ ಉಳಿದವರ ಕಥೆ ಮುಗಿಯಿತು. ಆಗ ನೋಡಿ, "ಅಪ್ಪಾ ತಡಿ, ನಾನಿನ್ನೂ ಕೆಳಗಿದ್ದೀನಿ!", "ಬಗ್ಗು, ಬಗ್ಗು! ಈಗ ಹಾರು!" ಅಂತ ಮಾತು ತಾನಾಗಿ ಬರುತ್ತದೆ. ವ್ಯಾಕರಣ ಯೋಚಿಸಲು ಪುರುಸೊತ್ತೇ ಇರುವುದಿಲ್ಲ. ನೀವು ಮೊದಲಿಂದ ಕನ್ನಡದಲ್ಲೇ ಕೂಗಿದರೆ ಮಗುವೂ ಹಾಗೇ ಕೂಗುತ್ತದೆ.

ಕಾಂಟ್ರಾದಲ್ಲಿ 30 ಲೈಫ್ ಕೊಡುವ, ಶುರುವಿನಲ್ಲೇ ಸಾಲಾಗಿ ಬಟನ್ ಒತ್ತುವ ಆ ಹಳೇ ಗುಟ್ಟು ನೆನಪಿದೆಯಲ್ವಾ? ಮೇಲೆ, ಮೇಲೆ, ಕೆಳಗೆ, ಕೆಳಗೆ, ಎಡ, ಬಲ, ಎಡ, ಬಲ, ಬಿ, ಎ. ಕನ್ನಡದಲ್ಲಿ ಹೇಳಿಕೊಡಿ. ನನ್ನ ಮಗಳಿಗೆ ಎಡ ಬಲ ಗಟ್ಟಿಯಾಗಿದ್ದು ಹೀಗೆಯೇ.

ಇನ್ನೊಂದು ವಿಷಯ ನನಗೆ ತುಂಬಾ ಇಷ್ಟ. ಈ ಗೇಮ್‌ಗಳಿಗೆ ಕೊನೆ ಅಂತ ಇದೆ. ಕಾಂಟ್ರಾದಲ್ಲಿ ಇರುವುದು 8 ಹಂತ, ಕೈ ಪಳಗಿದರೆ ಅರ್ಧ ಗಂಟೆಯೊಳಗೆ ಮುಗಿಯುತ್ತದೆ. ದಿನಾ ಬಂದು ಬಹುಮಾನ ತಗೋ, ದುಡ್ಡು ಕೊಟ್ಟು ಗೇಮ್‌ನ ಪಾತ್ರಕ್ಕೆ ಹೊಸ ಬಟ್ಟೆ ಹಾಕಿಸು ಅನ್ನುವ ಕಾಟ ಇಲ್ಲ. ಸೋತರೆ ಮತ್ತೆ ಮೊದಲಿಂದ. ಮಕ್ಕಳು ಶುರುವಿನಲ್ಲಿ ಮುನಿಸಿಕೊಳ್ಳುತ್ತಾರೆ, ಸ್ವಲ್ಪ ತಡೆದುಕೊಳ್ಳಿ.

ಸಿಗುವುದೂ ಕಷ್ಟವಲ್ಲ. ಕಾಂಟ್ರಾದ ಹಳೇ ಗೇಮ್‌ಗಳನ್ನು ಒಟ್ಟುಗೂಡಿಸಿ ಕೊನಾಮಿಯೇ 2019ರಲ್ಲಿ ಕಾಂಟ್ರಾ ಆ್ಯನಿವರ್ಸರಿ ಕಲೆಕ್ಷನ್ ಬಿಡುಗಡೆ ಮಾಡಿದೆ. 1985ರ ಸೂಪರ್ ಮಾರಿಯೊ, ನಿಂಟೆಂಡೊದ ಚಂದಾ ಸೇವೆಯಾದ ನಿಂಟೆಂಡೊ ಸ್ವಿಚ್ ಆನ್‌ಲೈನ್‌ನಲ್ಲಿದೆ. ಆದರೆ ಅದರಲ್ಲಿ ಇಬ್ಬರು ಸರದಿಯ ಮೇಲೆ ಆಡಬೇಕು. ಡಬಲ್ ಡ್ರ್ಯಾಗನ್ ಅನ್ನುವ ಹೊಡೆದಾಟದ ಗೇಮ್ ಹುಡುಕುವವರೂ ಗಮನಿಸಿ: ಆರ್ಕೇಡ್‌ನಲ್ಲಿ ಅಣ್ಣತಮ್ಮ ಇಬ್ಬರೂ ಒಟ್ಟಿಗೆ ಹೊಡೆದಾಡುತ್ತಾರೆ, ಹಳೇ ನಿಂಟೆಂಡೊ ಆವೃತ್ತಿಯ ಮುಖ್ಯ ಆಟದಲ್ಲಿ ಸರದಿಯೇ.

ಟಿವಿಯ ಸೆಟ್ಟಿಂಗ್‌ನಲ್ಲಿ ಈ ತಡ ಕಡಿಮೆ ಮಾಡುವ ಗೇಮ್ ಮೋಡ್ ಹಾಕುವುದನ್ನು ಮರೆಯಬೇಡಿ. ಇಲ್ಲದಿದ್ದರೆ ಹೊಸ ಟಿವಿಗಳು ಚಿತ್ರವನ್ನು ತಿದ್ದಿ ತೋರಿಸುವಾಗ ಸ್ವಲ್ಪ ತಡವಾಗುತ್ತದೆ. ಬಟನ್ ಒತ್ತಿದ ಮೇಲೆ ಮಾರಿಯೊ ಹಾರುವಷ್ಟರಲ್ಲಿ ಹಳ್ಳಕ್ಕೆ ಬಿದ್ದಿರುತ್ತಾನೆ, ಮಗು ತನಗೇ ಆಡಲು ಬರಲ್ಲ ಅಂದುಕೊಳ್ಳುತ್ತದೆ.

1993ರ ಗುಂಡು ಹೊಡೆಯುವ ಗೇಮ್ ಡೂಮ್ ಮಾತ್ರ ಪುಟ್ಟ ಮಕ್ಕಳಿಗೆ ಬೇಡ, ರಕ್ತಪಾತ ಜಾಸ್ತಿ. ಐದಾರು ವರ್ಷದವರಿಗೆ ಕಾಂಟ್ರಾನೂ ಕಷ್ಟವೇ. ಅಷ್ಟು ಚಿಕ್ಕವರ ಜೊತೆ ಇಬ್ಬರೂ ಒಟ್ಟಿಗೆ ಆಡುವಂಥ ಹಳೇ ಗೇಮ್ ಯಾವುದಾದರೂ ಗೊತ್ತಿದ್ದರೆ ದಯವಿಟ್ಟು ತಿಳಿಸಿ, ಮಗಳಿಗೆ ಒಬ್ಬ ತಮ್ಮ ಇದ್ದಾನೆ.