ಕುರಿ ಕಾಯಲು ನಾಯಿಮರಿ ತಂದಿದ್ದೇವೆ, ಬೆಳೆಸುವುದು ಹೇಗೆ? ಅನುಭವ ಇರುವವರು ಹೇಳಿ

ಮಳವಳ್ಳಿ ಹತ್ತಿರ ನಮ್ಮದು ಸಣ್ಣ ಬಂಡೂರು ಕುರಿ ಮಂದೆ. ಬೀದಿ ನಾಯಿ, ಚಿರತೆ ಕಾಟ ಜಾಸ್ತಿ ಅಂತ ಎರಡು ತಿಂಗಳ ನಾಟಿ ನಾಯಿಮರಿ ತಂದಿದ್ದೇವೆ. ಅದು ಕುರಿ ಕಂಡರೆ ಸಾಕು, ಅಟ್ಟಿಸಿಕೊಂಡು ಹೋಗುತ್ತದೆ. ಕಟ್ಟಿ ಹಾಕಬೇಕಾ, ಬಿಡಬೇಕಾ? ಬಾರ್ಡರ್ ಕೋಲಿ ತರಬೇಕಿತ್ತು ಅಂತಲೂ ಕೆಲವರು ಹೇಳುತ್ತಾರೆ.

ಪಾಂಡವಪುರದಿಂದ:
ಎರಡು ತಿಂಗಳು ಅಂದರೆ ಒಳ್ಳೆ ವಯಸ್ಸು. ಮೂರೂವರೆ, ನಾಲ್ಕು ತಿಂಗಳವರೆಗೆ ಮರಿ ಯಾರ ಜೊತೆ ಇರುತ್ತದೋ ಅವರೇ ಅದಕ್ಕೆ ತನ್ನವರು. ಹಾಗಾಗಿ ಮನೆ ಜಗಲಿ ಮೇಲೆ ಮಲಗಿಸಬೇಡಿ, ಕುರಿ ಕೊಟ್ಟಿಗೆಯಲ್ಲೇ ಮೂಲೆಗೊಂದು ತಡಿಕೆ ಕಟ್ಟಿ ಅಲ್ಲೇ ಅನ್ನ, ಅಲ್ಲೇ ನಿದ್ದೆ ಆಗಲಿ, ಕುರಿಗಳೂ ಮೂಸಿ ನೋಡಿ ಒಗ್ಗಿಕೊಳ್ಳಲಿ. ಆಮೇಲೆ ಸಾಧುವಾದ ದೊಡ್ಡ ಕುರಿಗಳ ಜೊತೆ ಬಿಡಿ. ಹೊಸದಾಗಿ ಈದ ಕುರಿ ಹತ್ತಿರ ಬೇಡ, ಅದು ಗುಮ್ಮಿದರೆ ಮರಿ ಹೆದರಿಬಿಡುತ್ತದೆ.

ಅಟ್ಟಿಸುವುದು ಆಟ ಅಷ್ಟೇ, ಆದರೆ ಸುಮ್ನೆ ಬಿಟ್ಟರೆ ಅದೇ ಚಟ ಆಗುತ್ತದೆ. ಕುತ್ತಿಗೆಗೆ ಉದ್ದ ಹಗ್ಗ ಕಟ್ಟಿ ಎಳೆದುಕೊಂಡು ಓಡಾಡಲು ಬಿಡಿ, ಓಡಲು ಶುರು ಮಾಡಿದ ತಕ್ಷಣ ಹಗ್ಗ ತುಳಿದು "ಬೇಡ" ಅನ್ನಿ. ಮನೆಯವರೆಲ್ಲ ಅದೇ ಒಂದು ಮಾತು ಹೇಳಬೇಕು. ಸುಮ್ಮನೆ ನಿಂತರೆ ತಿನ್ನಲು ಏನಾದರೂ ಕೊಡಿ. ದಯವಿಟ್ಟು ಹೊಡೆಯಬೇಡಿ, ಏಟು ತಿಂದ ಮರಿ ನೀವು ಇಲ್ಲದಾಗ ಅದನ್ನೇ ಮಾಡುತ್ತದೆ. ಆರು ತಿಂಗಳ ಮೇಲೆ ಈ ತುಂಟತನ ಇನ್ನೂ ಹೆಚ್ಚುತ್ತದೆ, ಕುರಿಮರಿ ಕಿವಿ ಕಚ್ಚುವುದು, ಉಣ್ಣೆ ಎಳೆಯುವುದು ಎಲ್ಲ ಆಗಲೇ. ಒಂದೂವರೆ, ಎರಡು ವರ್ಷ ಆಗುವವರೆಗೆ ಮಂದೆ ಜೊತೆ ಒಂಟಿಯಾಗಿ ಬಿಟ್ಟು ಬರಬೇಡಿ.

ಟಿ. ನರಸೀಪುರದಿಂದ:
ಅಣ್ಣ, ಬಾರ್ಡರ್ ಕೋಲಿ ಇಂಗ್ಲೆಂಡ್-ಸ್ಕಾಟ್ಲೆಂಡ್ ಗಡಿ ಕಡೆಯ ತಳಿ. ಚದುರಿದ ಮಂದೆಯನ್ನು ಒಂದು ಕಡೆ ಸೇರಿಸುವುದು, ಹೇಳಿದ ಕಡೆ ಓಡಿಸುವುದು ಅದರ ಕೆಲಸ, ಕಾವಲು ಅಲ್ಲ. ದಟ್ಟ ಕೂದಲು ಬೇರೆ, ನಮ್ಮ ಏಪ್ರಿಲ್ ಬಿಸಿಲಲ್ಲಿ ಪಾಪ ಏದುಸಿರು ಬಿಡುತ್ತದೆ. ನಿಮಗೆ ಬೇಕಿರುವುದು ಬೊಗಳಿ ಎಬ್ಬಿಸುವ ನಾಯಿ. ನಾಟಿ ಮರಿಯೇ ಸಾಕು.

ಚಿರತೆ ವಿಷಯ ಮಾತ್ರ ಹಗುರವಾಗಿ ತೆಗೆದುಕೊಳ್ಳಬೇಡಿ. ನಾಯಿಯೇ ಅದರ ಆಹಾರ, ಅಲ್ವಾ? ರಾತ್ರಿ ಅಂಗಳದಲ್ಲಿ ಸರಪಳಿ ಹಾಕಿ ಕಟ್ಟಿದರೆ ನಾವೇ ಹಿಡಿದು ಕೊಟ್ಟಂತೆ. ನಾಯಿ, ಕುರಿ ಎರಡೂ ಒಳಗಿರಲಿ, ಪಕ್ಕಕ್ಕೂ ಮೇಲಕ್ಕೂ ಗಟ್ಟಿ ಜಾಲರಿ ಇರಲಿ. ದೊಡ್ಡದಾದ ಮೇಲೆ ನಾಯಿಯ ಕುತ್ತಿಗೆಗೆ ಮೊಳೆ ಪಟ್ಟಿ ಹಾಕಿ, ಆದರೆ ಅದೊಂದನ್ನೇ ನಂಬಿಕೊಂಡು ಹೊರಗೆ ಬಿಡಬೇಡಿ.

ನಾಗಮಂಗಲದಿಂದ:
ಪಶು ಆಸ್ಪತ್ರೆಗೆ ಈ ವಾರವೇ ಹೋಗಿ. ಪಾರ್ವೋ ಅಂದರೆ ಮರಿಗಳಿಗೆ ವಾಂತಿ, ರಕ್ತಭೇದಿ ತರುವ ಕಾಯಿಲೆ, ಅದರ ಲಸಿಕೆ ಶುರುವಾಗುವುದು 6ರಿಂದ 8 ವಾರಕ್ಕೆ, ಮತ್ತೆ ಮತ್ತೆ ಹಾಕಿಸಬೇಕು. ಮೂರು ತಿಂಗಳಿಗೆ ರೇಬಿಸ್ ಲಸಿಕೆ.

ಇನ್ನೊಂದು ಮಾತು, ಇದನ್ನು ಹೇಳುವವರು ಕಡಿಮೆ. ಹಬ್ಬಕ್ಕೆ ಕುರಿ ಕಡಿದಾಗ ತಲೆ, ಈಲಿ, ಶ್ವಾಸಕೋಶ ಹಸಿಯಾಗಿ ನಾಯಿಗೆ ಎಸೆಯಬೇಡಿ. ಅದರಲ್ಲಿ ಹುಳುವಿನ ಮರಿ ತುಂಬಿದ ನೀರುಗುಳ್ಳೆ ಇದ್ದರೆ ನಾಯಿ ಹೊಟ್ಟೆಯಲ್ಲಿ ಲಾಡಿಹುಳು ಆಗುತ್ತದೆ, ಮೊಟ್ಟೆ ಹೇಲಿನ ಜೊತೆ ಹುಲ್ಲಿಗೆ ಬೀಳುತ್ತದೆ, ಆ ಹುಲ್ಲನ್ನು ನಮ್ಮ ಕುರಿಯೇ ಮೇಯುತ್ತದೆ. ಒಂದು ಬಗೆಯ ಹುಳು ಕುರಿ ಮಿದುಳಿಗೆ ಸೇರಿ, ಕುರಿ ಒಂದೇ ಕಡೆ ಸುತ್ತಿ ಸುತ್ತಿ ಬೀಳುತ್ತದೆ. ಇನ್ನೊಂದು ಬಗೆ ಮನುಷ್ಯರ ಈಲಿಯಲ್ಲೂ ಗುಳ್ಳೆ ಮಾಡುತ್ತದೆ. ಚೆನ್ನಾಗಿ ಬೇಯಿಸಿ ಹಾಕಿ, ಗುಳ್ಳೆ ಕಂಡರೆ ಆಳವಾಗಿ ಹೂಳಿ. ಜಂತು ಮಾತ್ರೆ ಕೇಳುವಾಗ ಲಾಡಿಹುಳುವಿಗೂ ಬೇಕು ಅಂತ ಬಿಡಿಸಿ ಹೇಳಿ, ಅದಕ್ಕೆ ಪ್ರಾಜಿಕ್ವಾಂಟೆಲ್ ಇರುವ ಮಾತ್ರೆ ಕೊಡುತ್ತಾರೆ. ಎಷ್ಟು ಅನ್ನುವುದು ಮರಿಯ ತೂಕದ ಮೇಲೆ, ಹಾಗಾಗಿ ಮರಿಯನ್ನು ಜೊತೆಗೇ ಕರೆದುಕೊಂಡು ಹೋಗಿ.